ಮೊದಲು ಹುಳಿ ಯಾವುದೆಂದು ಕೇಳಿ

ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ‘ಕರಾವಳಿ’ ರೆಸ್ಟೊರೆಂಟಿನಲ್ಲಿ ಕಳೆದ ತಿಂಗಳು ಪಕ್ಕದ ಮೇಜಿನವರು ಆಲೆಪ್ಪಿ ಮೀನು ಸಾರು ತರಿಸಿದರು. ಬಂದ ಕೂಡಲೇ ಫೋಟೊ ತೆಗೆದರು. ಆಮೇಲೆ ರುಚಿಯನ್ನೂ ನೋಡದೆ ನಿಂಬೆಹೋಳು ಹಿಂಡಿದರು. ಎದ್ದುಹೋಗಿ ಕೈ ಹಿಡಿಯೋಣ ಅನ್ನಿಸಿತು. ಆ ಸಾರಿನ ಹುಳಿ ಮಾವಿನಕಾಯಿಯದು. ಅದರ ಮೇಲೆ ನಿಂಬೆ ಬಿದ್ದರೆ ಮಾವೂ ಇಲ್ಲ, ಮೀನೂ ಇಲ್ಲ.

ದೊಡ್ಡ ಹೋಟೆಲಿಗೆ ಹೋಗಿ ಊಟದ ರುಚಿ ಹಿಡಿಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಹುಳಿಯ ಹಿಂದೆ ಹೋಗಿ. ಖಾರ ಯಾರಿಗಾದರೂ ತಿಳಿಯುತ್ತದೆ. ಗೋಬಿ ಮಂಚೂರಿ, ಬಟರ್ ನಾನ್ ತಿಂದು ಬೆಳೆದ ನಾಲಿಗೆಗೆ ಎಲ್ಲ ಹುಳಿಯೂ ಒಂದೇ. ಕೆಟ್ಟಿರುವುದು ಅಲ್ಲೇ.

ನಾನು ಬಯಲುಸೀಮೆಯವನು. ನಮ್ಮ ಮನೆಯಲ್ಲಿ ಹುಳಿಯೆಂದರೆ ಹುಣಸೆಹಣ್ಣು. ಇಪ್ಪತ್ತು ವರ್ಷಗಳ ಹಿಂದೆ ಇದೇ ‘ಕರಾವಳಿ’ಯಲ್ಲಿ ಕೊಡವರ ಕೋಳಿ ಬರ್ತಾಡ್ ತಿಂದೆ. ಮೊದಲು ಕರಿಮೆಣಸು ಸುಟ್ಟಿತು. ತುತ್ತು ಗಂಟಲಿಳಿದ ಮೇಲೆ, ಎಲ್ಲ ಮುಗಿಯಿತು ಅನ್ನುವಾಗ, ಗಾಢವಾದ ಹುಳಿಯೊಂದು ನಾಲಿಗೆಯ ಬುಡದಿಂದ ಮೆಲ್ಲಗೆ ಎದ್ದುಬಂತು. ಬಡಿಸುವವರನ್ನು ಕೇಳಿದೆ. ಅವರು ಒಳಗೆ ಹೋಗಿ ಚಮಚದ ತುದಿಯಲ್ಲಿ ಒಂದು ಹನಿ ತಂದು ತೋರಿಸಿದರು. ಜೋನಿಬೆಲ್ಲದಂತೆ ಅಂಟು, ಕಾಡಿಗೆಯಂತೆ ಕಪ್ಪು. ಕಾಚಂಪುಳಿ! ಅವತ್ತಿನಿಂದ ನನ್ನ ಊಟದ ದಾರಿಯೇ ಬದಲಾಯಿತು.

ಕಾಚಂಪುಳಿ ಬರುವುದು ಪಶ್ಚಿಮಘಟ್ಟದ ಒಂದು ಹಣ್ಣಿನಿಂದ. ಉತ್ತರ ಕನ್ನಡದವರು ಅದನ್ನು ಉಪ್ಪಗೆ ಅನ್ನುತ್ತಾರೆ. ಕೊಡಗಿನಲ್ಲಿ ಅದರ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಕೇರಳದಲ್ಲಿ ಸಿಪ್ಪೆಯನ್ನು ಒಣಗಿಸಿ ಹೊಗೆ ಹಾಕುತ್ತಾರೆ, ಅದು ಕುಡಂಪುಳಿ. ಹಣ್ಣು ಒಂದೇ ಆದರೂ ಒಂದರಲ್ಲಿ ಪಾಕದ ಗಾಢತೆ, ಇನ್ನೊಂದರಲ್ಲಿ ಹೊಗೆಯ ವಾಸನೆ. ಆ ಹಣ್ಣಿನ ದಾಯಾದಿಯೇ ಕರಾವಳಿ ಜಿಲ್ಲೆಗಳ ಪುನರ್ಪುಳಿ. ಇನ್ನು ಗೋವೆಯವರ ವಿಂದಾಲುವಿಗೆ ಕಳ್ಳಿನ ವಿನೆಗರ್, ಮಂಗಳೂರಿನ ಗಸಿಗೆ ಹುಣಸೆ. ಹುಣಸೆ ತೆಂಗಿನಕಾಯಿಯ ಮಸಾಲೆಯೊಂದಿಗೇ ಕುದಿಯುವುದರಿಂದ ಅದರಲ್ಲಿ ಕರಗಿ ಹೋಗುತ್ತದೆ. ಕಾಚಂಪುಳಿಯನ್ನು ಕೊನೆಗೆ ಹಾಕುತ್ತಾರೆ, ಹಾಗಾಗಿ ಅದು ಬೇರೆಯಾಗಿ ನಿಲ್ಲುತ್ತದೆ.

‘ಕರಾವಳಿ’ 1990ರಲ್ಲಿ ಶುರುವಾಯಿತು. ಅದನ್ನು ಬಹುಕಾಲ ನಡೆಸಿಕೊಂಡು ಬಂದ ಬಾಣಸಿಗ ನರೇನ್ ತಿಮ್ಮಯ್ಯ ಕೊಡಗಿನವರು. ಅಲ್ಲಿನ ಅಡುಗೆಯವರು ಕರಾವಳಿಯ ಮನೆಗಳಿಗೇ ಹೋಗಿ, ಅಲ್ಲಿಯ ಹೆಂಗಸರಿಂದ ಕಲಿತು ಬಂದರು. ಪಂಚತಾರಾ ಹೋಟೆಲುಗಳೆಲ್ಲ ಒಂದೇ ಕೆಂಪು ಗ್ರೇವಿಯಲ್ಲಿ ಅದ್ದಿ ಕೊಡುತ್ತಿದ್ದ ಕಾಲದಲ್ಲಿ ಇವರು ಒಂದೊಂದು ಮನೆಯ ಹುಳಿಯನ್ನು ಬೇರೆಬೇರೆಯಾಗಿ ಉಳಿಸಿಕೊಂಡರು. ನನ್ನ ಲೆಕ್ಕದಲ್ಲಿ ಅದರ ಹೆಸರು ನಿಂತಿರುವುದು ಇದರ ಮೇಲೆ. ಹೆಂಚಿನ ಮಾಡು, ಅಂಗಳದ ಮರ ಚೆನ್ನಾಗಿವೆ, ಇರಲಿ.

 

ಹೋದಾಗ ಒಟ್ಟಿಗೆ ಆರು ಪದಾರ್ಥ ತರಿಸಬೇಡಿ. ಒಂದು ಗಸಿ, ಒಂದು ಬರ್ತಾಡ್ ಸಾಕು. ಚಮಚ ಪಕ್ಕಕ್ಕಿಡಿ. ಅನ್ನ ಕಲಸುವ ಮೊದಲು ಬೆರಳ ತುದಿಯಲ್ಲಿ ಬರೀ ಮಸಾಲೆ ನೆಕ್ಕಿ. ಬರ್ತಾಡ್ ತಿಂದ ಮೇಲೆ ಹತ್ತು ಎಣಿಸುವವರೆಗೆ ನೀರು ಮುಟ್ಟಬೇಡಿ. ಕಾಚಂಪುಳಿ ಬರುವುದು ಆಗಲೇ.