ಬಳಪದ ಕಲ್ಲಿನ ಕುಸುರಿ

ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಕಲ್ಯಾಣ ಚಾಲುಕ್ಯರ ಗುಡಿಗಳ ಸೊಬಗಿಗೆ ಮೂಲ ಬಳಪದ ಕಲ್ಲು. ನೆಲದಿಂದ ಎಬ್ಬಿಸಿದಾಗ ಉಳಿಗೆ ಸುಲಭವಾಗಿ ಬಗ್ಗುವ ಈ ಕಲ್ಲು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಕಲ್ಲಿನಲ್ಲಿ ಅಕ್ಕಸಾಲೆಯ ಕೆಲಸ ಸಾಧ್ಯವಾದದ್ದು ಇದರಿಂದಲೇ.

ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ರಾಷ್ಟ್ರಕೂಟರ ಕಾಲದ ಗರ್ಭಗುಡಿಗೆ ಎರಡನೆಯ ತೈಲಪನ ಆಳ್ವಿಕೆಯಲ್ಲಿ, 987ರ ಹೊತ್ತಿಗೆ, ಮಂಟಪ ಸೇರಿತು. ಬಾಗಿಲವಾಡವನ್ನು ಅವಸರದಲ್ಲಿ ದಾಟುವವರೇ ಹೆಚ್ಚು. ನಿಂತು ನೋಡಿದರೆ ಒಂದರ ಪಕ್ಕ ಒಂದು ಪಟ್ಟಿಕೆ. ಒಂದೊಂದರ ಕೆತ್ತನೆಯ ಆಳವೂ ಬೇರೆ, ಅದಕ್ಕೆ ತಕ್ಕಂತೆ ನೆರಳೂ ಬೇರೆ. ಅಂಬಳಿಯ ಕಲ್ಲೇಶ್ವರ ಗುಡಿ ಈ ಮಂಟಪಕ್ಕಿಂತ ಸುಮಾರು ನೂರು ವರ್ಷ ಕಿರಿಯದು. ಆರನೆಯ ವಿಕ್ರಮಾದಿತ್ಯನ ಕಾಲದ್ದು, 1083ರದು.

ಆದರೆ ಈ ಕುಸುರಿಯ ತುದಿ ಕಾಣುವುದು ತುಂಗಭದ್ರೆಯ ದಡದ ಕುರುವತ್ತಿಯಲ್ಲೇ. ಮಲ್ಲಿಕಾರ್ಜುನ ಗುಡಿಯ ಮೂಡಣ ಬಾಗಿಲ ಇಕ್ಕೆಲದ ಮದನಿಕೆಯರು ಗೋಡೆಗೆ ಅಂಟಿದ ಉಬ್ಬುಚಿತ್ರಗಳಲ್ಲ. ಮೈಯ ಹಿಂದೆಯೂ ಉಳಿ ಹೊಕ್ಕು ಬಂದಿದೆ. ಸುತ್ತಿಕೊಂಡ ಬಳ್ಳಿಯ ಸಂದುಗಳಲ್ಲಿ ಗಾಳಿ ಆಡುತ್ತದೆ. ಒಂದೇ ಒಂದು ಪೆಟ್ಟು ಜೋರಾಗಿದ್ದರೂ ಬಳ್ಳಿ ಮುರಿಯುತ್ತಿತ್ತು.

ಮಕ್ಕಳನ್ನು ಕರೆತಂದವರು ಅರಸರ ಹೆಸರುಗಳನ್ನು ಆಮೇಲೆ ಹೇಳಬಹುದು. ಮೊದಲು ಮದನಿಕೆಯ ಬಳೆ, ಹಾರ, ಸೊಂಟಪಟ್ಟಿಗಳನ್ನು ಎಣಿಸಲು ಬಿಡಬೇಕು, ಮುಟ್ಟದೆ. ಮೂಡಣ ಬಾಗಿಲಾದ್ದರಿಂದ ಬೆಳಗಿನ ಬಿಸಿಲೇ ಒಳ್ಳೆಯದು. ಓರೆ ಬೆಳಕಿನಲ್ಲಿ ಹಾರದ ಮಣಿಗಳು ಬಿಡಿಬಿಡಿಯಾಗಿ ಕಾಣುತ್ತವೆ.