ಕವಂದಿ: ಮ್ಯಾಚಿಂಗ್ ಇಲ್ಲದ ಬಣ್ಣಗಾರಿಕೆ

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹಳೆಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಯಾದ ಕವಂದಿಯನ್ನು ಮೆಚ್ಚುವವರು ಸಾಮಾನ್ಯವಾಗಿ ಹೇಳುವುದು, 'ಮನಸ್ಸಿಗೆ ಬಂದ ಬಣ್ಣ ಹಾಕ್ತಾರೆ, ಆದರೂ ಎಷ್ಟು ಚೆಂದ!' ಎಂದು. ಆ 'ಆದರೂ' ನನಗೆ ಒಪ್ಪಿಗೆಯಿಲ್ಲ. ಮನಸ್ಸಿಗೆ ಬಂದಂತೆ ಹಚ್ಚಿದ ಚಿಂದಿ ನಾಲ್ಕು ಮಾರು ದೂರದಿಂದ ಬರೀ ಗಲಿಬಿಲಿಯಾಗಿ ಕಾಣುತ್ತದೆ. ಒಳ್ಳೆಯ ಕವಂದಿ ಹಾಗೆ ಕಾಣುವುದಿಲ್ಲ.

ಇದರ ಗುಟ್ಟು ಹೊಲಿಯುವ ಕ್ರಮದಲ್ಲಿದೆ. ಅಡಿಗೆ ಹಳೆ ಸೀರೆ ಹಾಸಿ, ಮೂಲೆಯಿಂದ ಹಿಡಿದು ಅಂಚಿನಗುಂಟ ತುಂಡು ಹಚ್ಚುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕಾಗದದ ಮೇಲೆ ನಕ್ಷೆಯಿಲ್ಲ. ಪ್ರತಿ ತುಂಡನ್ನೂ ಪಕ್ಕದ್ದನ್ನು ನೋಡಿಯೇ ಆರಿಸಬೇಕು. ಇಲ್ಲಿ ಕೆಂಪೋ ಹಸಿರೋ ಎಂಬುದಕ್ಕಿಂತ ತಿಳಿಯೋ ಗಾಢವೋ ಎಂಬುದೇ ಮುಖ್ಯ. ದೊಡ್ಡ ಹೂವಿನ ಸೀರೆಯ ಪಕ್ಕ ಇನ್ನೊಂದು ದೊಡ್ಡ ಹೂ ಬಂದರೆ ಎರಡೂ ಮಂಕಾಗುತ್ತವೆ; ಚೌಕಳಿ ಲುಂಗಿಯೋ ಸಾದಾ ಲಂಗವೋ ಬಂದರೆ ಹೂ ಎದ್ದು ಕಾಣುತ್ತದೆ. ಇಷ್ಟರ ಮೇಲೆ ಒಂದೇ ದಾರದ ಒತ್ತೊತ್ತಾದ ಹೊಲಿಗೆ ಸಾಲುಗಳು ಎಲ್ಲ ತುಂಡುಗಳ ಮೇಲೆ ಹಾಯ್ದು ಜಗಳಗಂಟಿ ಬಣ್ಣಗಳನ್ನು ಒಂದು ಮಾಡುತ್ತವೆ. ಮೂಲೆಗಳಿಗೆ 'ಫೂಲ' ಎಂಬ ಮಡಿಸಿದ ಬಟ್ಟೆಯ ತುಂಡು ಬರಲೇಬೇಕು, ಇಲ್ಲದಿದ್ದರೆ ಕವಂದಿ ಬೆತ್ತಲೆಯಂತೆ. ನಾನಂತೂ ಮೊದಲು ನೋಡುವುದು ನಡುಭಾಗವನ್ನು. ಕೈಸೋತವರು ಅಲ್ಲಿ ಉಳಿದುಬಳಿದದ್ದನ್ನು ತುರುಕಿರುತ್ತಾರೆ. ಜಾಣೆ ಒಂದು ಗಟ್ಟಿ ಬಣ್ಣವನ್ನು ಅಲ್ಲಿಗೆಂದೇ ಎತ್ತಿಟ್ಟಿರುತ್ತಾಳೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರ ಸಹಕಾರಿ ಕೂಟ ಶುರುವಾಯಿತು. 2011ರಲ್ಲಿ ಕವಂದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ಕಂಡವು. ಕವಂದಿ ಮಾರಿ ಕೈಗೆ ಕಾಸು ಬರುವುದನ್ನು ಬೇಡವೆನ್ನಲು ನಾನ್ಯಾರು? ಆದರೆ ಇಂಥ ಕಸುಬಿಗೆ ಪೇಟೆಯ ಅಂಗಡಿ ಹೊಸ ಬಟ್ಟೆ ಕೊಟ್ಟು 'ನೀಲಿ, ಬಿಳಿ ಮಾತ್ರ ಸಾಕು' ಎಂದಾಗ, ಪಕ್ಕದ ತುಂಡಿಗೆ ತಕ್ಕದ್ದನ್ನು ಹುಡುಕುವ ಕೆಲಸವೇ ಇಲ್ಲವಾಗುತ್ತದೆ. ಹೊಲಿಗೆ ಅಚ್ಚುಕಟ್ಟು, ಕವಂದಿ ಸಪ್ಪೆ.

ತಪ್ಪೆಲ್ಲ ಅಂಗಡಿಯದೂ ಅಲ್ಲ. ಹಿಂದೆ ಹತ್ತಿ ಸೀರೆ ಒಗೆದು ಒಗೆದು ಮಾಸುತ್ತಿತ್ತು. ಎಂಥ ಕಣ್ಣುಕುಕ್ಕುವ ಗುಲಾಬಿಯೂ ಕವಂದಿಗೆ ಬರುವ ಹೊತ್ತಿಗೆ ಮೆತ್ತಗಾಗಿರುತ್ತಿತ್ತು. ಪಾಲಿಯೆಸ್ಟರ್ ಸೀರೆ ಹರಿದರೂ ಬಣ್ಣ ಬಿಡದು. ಅದರ ಪಕ್ಕ ಮಾಸಿದ ಹತ್ತಿ ಬಂದರೆ ಹತ್ತಿಯೇ ಕೊಳೆಯಾದಂತೆ ಕಾಣುತ್ತದೆ. ಹಾಗಾಗಿ ಇವತ್ತು ಹಳೆಬಟ್ಟೆಯ ಗಂಟು ಬಿಚ್ಚಿ ಕೂತವಳಿಗೆ ಬಣ್ಣ ಆರಿಸುವುದು ಅವಳ ಅಜ್ಜಿಗಿದ್ದುದಕ್ಕಿಂತ ಕಷ್ಟದ ಕೆಲಸ.