ಮಂಗಳೂರಿನ ಮಳೆನೀರು: ಕಾಲುವೆ ಅಗಲವಾದರೆ ಸಾಕೇ?

2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಮಳೆ ನಿಮಗೆ ನೆನಪಿರಬಹುದು. ಕೊಟ್ಟಾರ ಚೌಕಿಯಂಥ ತಗ್ಗು ಪ್ರದೇಶಗಳು ಅಂದು ಜಲಾವೃತವಾದವು. ಇಂಥ ನೆರೆ ಬಂದಾಗಲೆಲ್ಲ ಕೇಳಿಬರುವ ಪರಿಹಾರ ಒಂದೇ: ರಾಜಕಾಲುವೆಗಳ ಹೂಳೆತ್ತುವುದು, ಅಗಲಗೊಳಿಸುವುದು, ತಡೆಗೋಡೆ ಕಟ್ಟುವುದು. ಇವು ಅಗತ್ಯವೇ, ಆದರೆ ಇಷ್ಟೇ ಸಾಕೇ?

ಒಂದು ಸರಳ ಲೆಕ್ಕ ಮಾಡೋಣ. 1,000 ಚದರ ಮೀಟರ್ ನಿವೇಶನದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ನೀರಿನ ಪ್ರಮಾಣ 1 ಲಕ್ಷ ಲೀಟರ್. ಗಿಡಮರಗಳಿರುವ ನೆಲದಿಂದ ಇದರಲ್ಲಿ ಶೇಕಡ 25ರಷ್ಟು ಹರಿದುಹೋಗುತ್ತದೆ ಎಂದಿಟ್ಟುಕೊಳ್ಳಿ. ಛಾವಣಿ, ಕಾಂಕ್ರೀಟ್ ಅಂಗಳಗಳಿಂದ ಸುಮಾರು ಶೇಕಡ 90 ಹರಿಯುತ್ತದೆ. ಅಂದರೆ 25,000 ಲೀಟರ್ ಇದ್ದದ್ದು 90,000 ಆಯಿತು. ಅದೂ ಬಹು ಬೇಗ ತೋಡು ಸೇರುತ್ತದೆ. ಎತ್ತರದ ನಿವೇಶನಗಳೆಲ್ಲ ಹೀಗೆ ನೀರು ಬಿಟ್ಟರೆ ಅದರ ಫಲ ಉಣ್ಣುವವರು ತಗ್ಗಿನ ಮನೆಯವರು. ಸಮುದ್ರದ ಉಬ್ಬರವೂ ಜೊತೆಗೂಡಿದರೆ ಹರಿವು ಇನ್ನಷ್ಟು ನಿಧಾನ.

'ಇಂಗುಗುಂಡಿ ತೆಗೆದರಾಯಿತು' ಎಂದು ನೀವು ಹೇಳಬಹುದು. ಅಲ್ಲಿಯೂ ಎಚ್ಚರ ಬೇಕು. ಕರಾವಳಿಯ ಮುರಕಲ್ಲು ರಂಧ್ರಮಯವಾದುದರಿಂದ ನೀರನ್ನು ಒಳಬಿಡುತ್ತದೆ. ಆದರೆ ಅದರ ಕೆಳಗಿರುವ ಶೇಡಿ ಮಣ್ಣು ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಕಡಿದಾಗಿ ಕತ್ತರಿಸಿದ ಗುಡ್ಡದ ಅಂಚಿನಲ್ಲಿ ನೀರಿಂಗಿಸುವುದು ಕುಸಿತಕ್ಕೆ ದಾರಿ. ಜುಲೈಯಲ್ಲಿ ಬಾವಿ ತುಂಬಿ ತುಳುಕುವ ತಗ್ಗಿನಲ್ಲಿ ಇಂಗುಗುಂಡಿಗೆ ಕೆಲಸವೇ ಇಲ್ಲ. ಅಂಥಲ್ಲಿ ನೀರನ್ನು ಕೆಲವು ಗಂಟೆ ತಡೆದು, ಸಣ್ಣ ಕೊಳವೆಯ ಮೂಲಕ ನಿಧಾನವಾಗಿ ಬಿಡುವ ತೊಟ್ಟಿಯೇ ಸೂಕ್ತ.

ದೊಡ್ಡ ಕೊರತೆ ಇರುವುದು ನಿರ್ವಹಣೆಯಲ್ಲಿ. ನಕ್ಷೆಯಲ್ಲಿ ಮಳೆನೀರು ಕೊಯ್ಲು ತೋರಿಸಿದರೆ ಪರವಾನಗಿ ಮಟ್ಟಿಗೆ ಕೆಲಸ ಮುಗಿಯಿತು. ಐದು ವರ್ಷಗಳ ನಂತರ? ಎಲೆ, ಕೆಸರು ಸೇರಿ ಜಲ್ಲಿಯ ಸಂದುಗಳು ಮುಚ್ಚಿಹೋಗಿರುತ್ತವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಇಂಥ ರಚನೆಗಳನ್ನು ಕನಿಷ್ಠ ಮೂರು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂಬ ನಿಯಮವಿದೆ. ನಮಗೂ ಬೇಕಾದದ್ದು ಅಂಥ ಮರುತಪಾಸಣೆ.

ವರ್ಷಕ್ಕೆ 3,500 ಮಿ.ಮೀ.ನಷ್ಟು ಮಳೆ ಕಾಣುವ ಈ ನಗರ 2016 ಮತ್ತು 2019ರ ಬೇಸಿಗೆಗಳಲ್ಲಿ ತುಂಬೆ ಕಿಂಡಿ ಅಣೆಕಟ್ಟಿನ ನೀರನ್ನು ಸರದಿಯಂತೆ ಹಂಚಿಕೊಳ್ಳಬೇಕಾಯಿತು. ಇಂಗಿದ ನೀರೆಲ್ಲ ಮೇ ತಿಂಗಳವರೆಗೆ ಉಳಿಯದು, ನಿಜ; ಬಾವಿ ಬತ್ತುವುದನ್ನು ಕೆಲವು ವಾರ ಮುಂದೂಡಿದರೂ ಲಾಭವೇ.

ಅಧ್ಯಾಪಕರೇ, ವಿದ್ಯಾರ್ಥಿಗಳೊಂದಿಗೆ ನಿಮ್ಮ ಶಾಲೆಯ ಛಾವಣಿ, ಅಂಗಳಗಳನ್ನು ಅಳೆದು ಮೇಲಿನ ಲೆಕ್ಕ ಮಾಡಿಸಿ. ಇಂಗುಗುಂಡಿ ಇದ್ದರೆ ಮುಂಗಾರಿಗೆ ಮುನ್ನ ಕೆಲವು ಬಕೆಟ್ ನೀರು ಸುರಿದು, ಅದು ಇಂಗಲು ಹಿಡಿಯುವ ಸಮಯವನ್ನು ಬರೆದಿಡಿ. ಮರುವರ್ಷ ಅಷ್ಟೇ ನೀರು ಸುರಿದು ಮತ್ತೆ ನೋಡಿ. ಹೆಚ್ಚು ಹೊತ್ತು ಹಿಡಿದರೆ ಗುಂಡಿಯನ್ನು ಶುಚಿಗೊಳಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ.